ಮುರಿಗೆಪ್ಪನ ಎಡಗೈ ಪೈಜು

ಬೆಲ್ಲದ ಬಾಗೇವಾಡಿಯ ಮುರಿಗೆಪ್ಪನಿಗೆ ಆವತ್ತು ಸಿಟ್ಟು ಬಂದದ್ದು ಖರೆ. ಆದರೆ ಊಟ ಮುಗಿಯುವ ತನಕ ಕಾಯ್ದು ಬಂತು. ಅವನ ಸಿಟ್ಟು ಅಂಥ ತಿಳಿವಳಿಕಸ್ಥ ಸಿಟ್ಟು.

ಆಗಿದ್ದಿಷ್ಟು. ಹೆಂಡತಿ ಯಮನವ್ವ ಜ್ವರ ಬಂದು ಮಲಗಿದ್ದಳು. ಹೀಗಾಗಿ ಸೊಸೆ ಶಿವಗಂಗವ್ವ ಮಾವನಿಗೆ ಬಡಿಸಲು ಮೊದಲನೇ ಸಲ ತಾನೇ ಪಡಸಾಲೆಗೆ ಬಂದಳು. ಮದುವೆಯಾಗಿ ಆರು ತಿಂಗಳ ಮೇಲಾಗಿತ್ತು, ಪಂಚಮಿಗೆ ತವರಿಗೆ ಹೋಗಿ ಮೊನ್ನೆಯಷ್ಟೇ ಬಂದಿದ್ದಳು. ತಲೆ ಮೇಲೆ ಸೆರಗು, ಕಣ್ಣು ನೆಲದ ಮೇಲೆ, ನಡಿಗೆ ಮೆತ್ತಗೆ, ಎಲ್ಲವೂ ಶಾಸ್ತ್ರೋಕ್ತವಾಗಿತ್ತು. ರೊಟ್ಟಿ ಮಾತ್ರ ಎಡಗೈಯಿಂದ ಬಂದು ತಾಟಿಗೆ ಬಿತ್ತು. ಅದರ ಬೆನ್ನಿಗೆ ಬದನೆಕಾಯಿ ಪಲ್ಯವೂ ಎಡಗೈಯಿಂದಲೇ ಬಂತು. ಮುರಿಗೆಪ್ಪ ಕಣ್ಣು ಕಣ್ಣು ಬಿಟ್ಟ. ಅಲ್ಲೇ ಒದರಬೇಕೆಂದು ಬಾಯಿ ತೆರೆದ. ಆದರೆ ರೊಟ್ಟಿ ಬಿಸಿ ಇತ್ತು, ಪಲ್ಯಕ್ಕೆ ಗುರೆಳ್ಳಿನ ಪುಡಿ ಹದವಾಗಿ ಬಿದ್ದಿತ್ತು. (ಧರ್ಮರಕ್ಷಣೆಗೂ ಹೊತ್ತು ಗೊತ್ತು ಅಂತ ಇರುತ್ತದಲ್ಲ.) ಹೊಟ್ಟೆ ತುಂಬಿಸಿಕೊಂಡು, ಕೈ ತೊಳೆದು, ಒಂದು ತೇಗು ತೇಗಿ, ಆಮೇಲೆ ಮನೆಯ ಜಂತಿ ನಡುಗುವ ಹಾಗೆ ಕೂಗಿದ. ತನ್ನ ಮನೆಗೆ ಎಡಚಿಯೊಬ್ಬಳು ಹೊಕ್ಕಿದ್ದಾಳೆ, ಮಮದಾಪುರದ ಬೀಗ ಸೋಮಪ್ಪ ಹಾಡುಹಗಲೇ ಮೋಸ ಮಾಡಿದ್ದಾನೆ, ಹೆಣ್ಣು ನೋಡಲು ಹೋದ ದಿನ ಹುಡುಗಿಯ ಎಡಗೈ ಸೆರಗಿನೊಳಗೆ ಯಾಕಿತ್ತು ಅಂತ ಈಗ ತಿಳಿಯಿತು, ಆವತ್ತು ಕೇಳಿದರೆ ಕುರ ಎದ್ದಿದೆ ಅಂದಿದ್ದ ಕಳ್ಳ, ಇತ್ಯಾದಿ.

ಕಡೆಗೆ ತೀರ್ಪೂ ಹೊರಬಿತ್ತು. ದಸರೆ ಮುಗಿದ ಮೇಲೆ ಬರುವ ಶೀಗಿ ಹುಣ್ಣಿವೆಯೊಳಗೆ ಸೊಸೆ ಬಲಗೈಯವಳಾಗಬೇಕು. ಆಗದಿದ್ದರೆ ಹುಣ್ಣಿವೆಗೆ ಸೋಮಪ್ಪನನ್ನೇ ಕರೆಸಿ, ಅವನ ಬಂಡಿಯಲ್ಲೇ ಮಗಳನ್ನು ಕೂರಿಸಿ ಕಳಿಸುವುದು. ಶಿವಗಂಗವ್ವ ಒಳಗೆ ಒಲೆಯ ಮುಂದೆ ಕೂತು ಕೇಳುತ್ತಿದ್ದಳು. ಗಂಡ ಬಿಟ್ಟವಳು ಅನಿಸಿಕೊಂಡು ತವರಿನ ಕಟ್ಟೆಯ ಮೇಲೆ ಕೂತ ಹೆಣ್ಣುಗಳನ್ನು ಆಕೆ ನೋಡಿದ್ದಳು. ಅತ್ತಳು. ಕಣ್ಣು ಒರೆಸಿಕೊಂಡದ್ದೂ ಪಾಪ, ಎಡಗೈಯಿಂದಲೇ. ಅವಳ ಗಂಡ ಅಣ್ಣಪ್ಪನ ಸುದ್ದಿ ಕೇಳಬೇಡಿ. ಆ ಮಹಾಶೂರ ಅಪ್ಪನೆದುರು ಬಾಯಿ ತೆರೆಯುತ್ತಿದ್ದದ್ದು ಆಕಳಿಸುವುದಕ್ಕೆ ಮಾತ್ರ.

ಯಮನವ್ವ ಜ್ವರದಲ್ಲೇ ಎದ್ದು ಬಂದಳು. ಕೌದಿ ಹೊದ್ದುಕೊಂಡೇ ಕಂಬಕ್ಕೆ ಆತು ಕೂತು, ಬಹಳ ಶಾಂತಳಾಗಿ ಶುರು ಮಾಡಿದಳು. (ಯಮನವ್ವ ಶಾಂತಳಾದಳು ಅಂದರೆ ಮುರಿಗೆಪ್ಪನಿಗೆ ಕೇಡುಗಾಲ ಅಂತ ಅರ್ಥ. ಆದರೆ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದರೂ ಅವನಿಗೆ ಅದು ತಿಳಿದಿರಲಿಲ್ಲ.)

"ಹ್ವಾದ ತಿಂಗಳ ಮೂಡಲಗಿ ಸಂತಿಗೆ ಹೋಗಿ ಎತ್ತು ತಂದ್ರಲ್ಲಾ, ಅದನ್ನ ಯಾವ ಕಡೆ ಹೂಡತೀರಿ?"

"ಎಡಗೋಲಿಗೆ. ಎಡಕ್ಕ ಹೂಡೂ ಎತ್ತ ಬೇಕಂತನ ಅಷ್ಟ ದೂರ ಹೋಗಿದ್ದೆ. ಬಲಕ್ಕ ಕಟ್ಟಿದ್ರ ಒಂದ ಹೆಜ್ಜಿ ಇಡಂಗಿಲ್ಲ ಅದು. ಹುಟ್ಟಗುಣ."

"ನಾಕ ಬಡದು ಬಲಕ್ಕ ರೂಢಿ ಮಾಡ್ರಿ ಮತ್ತ."

"ಮೂಕ ಪ್ರಾಣಿಗೆ ಯಾರರ ಬಡೀತಾರೇನ?"

"ಸೊಸಿಗೆ ಬಾಯಿ ಐತಿ ಅಂತ ಬಡೀಬೇಕೇನ್ರಿ?"

ಯಮನವ್ವ ಅಷ್ಟಕ್ಕೆ ಬಿಡಲಿಲ್ಲ. ಹಿತ್ತಲಿನ ಎಮ್ಮೆ ಹಿಂಡುವವರು ಬಲಗಡೆ ಕೂತರೆ ಮಾತ್ರ ಹಾಲು ಬಿಡುತ್ತದೆ, ಎಡಗಡೆ ಕೂತವರಿಗೆ ಒದೆ ಕೊಡುತ್ತದೆ. ಬಾಗಿಲ ನಾಯಿ ಮಲಗುವುದು ಯಾವಾಗಲೂ ಒಂದೇ ಮಗ್ಗುಲಿಗೆ. ಅಷ್ಟು ಯಾಕೆ, ಯಜಮಾನರ ಮೀಸೆ ಬಲಕ್ಕೆ ದಟ್ಟ, ಎಡಕ್ಕೆ ವಿರಳ. ಕಾಲಿನಲ್ಲಿ ಎಡದ ಮೆಟ್ಟು ಮೊದಲು ಸವೆಯುತ್ತದೆ. ದೇವರು ಯಾರನ್ನೂ ತಕ್ಕಡಿ ಹಿಡಿದು ಎರಡೂ ಕಡೆ ಸಮ ತೂಗಿ ಕಳಿಸಿಲ್ಲ ಅಂತ ಆಕೆ ಹೇಳಿ ಮುಗಿಸುವಷ್ಟರಲ್ಲಿ ಮುರಿಗೆಪ್ಪನ ಕೈ ತಾನಾಗಿ ಮೀಸೆಯ ವಿರಳ ಕಡೆಗೆ ಹೋಗಿತ್ತು. ಅದನ್ನು ಕೆಳಗಿಳಿಸಿ ಆತ ಘನವಾಗಿ ನುಡಿದ, ದನದ ಮಾತು ಬೇರೆ, ಮನುಷ್ಯರ ಮಾತು ಬೇರೆ, ಎಡಗೈ ಅಂದರೆ ಮೈಲಿಗೆಯ ಕೈ.

"ಮುಂಜೇಲೆ ಪೂಜಿಗೆ ಕುಂತಾಗ ಲಿಂಗ ಯಾವ ಕೈಯಾಗ ಇಟಗೋತೀರಿ?" ಅಂದಳು ಯಮನವ್ವ.

ಲಿಂಗ ಎಡಗೈಯಲ್ಲೇ ಕೂರುತ್ತದೆ ಅನ್ನುವುದು ಹುಟ್ಟಿದಾಗಿನಿಂದ ಕೊರಳಲ್ಲಿ ಲಿಂಗ ಧರಿಸಿದವನಿಗೆ ಗೊತ್ತಿಲ್ಲದ ಮಾತೇ? ಆದರೂ ಮುರಿಗೆಪ್ಪ ಸೋಲುವ ಆಸಾಮಿಯಲ್ಲ. ಪತ್ರಿ ಏರಿಸುವ ಕೆಲಸ ಬಲಗೈಗೆ ಇರುತ್ತದೆ, ಎಡಗೈ ಖಾಲಿ ಇರುತ್ತದೆ, ಅದಕ್ಕಾಗಿ ಆ ಏರ್ಪಾಡು ಅಂತ ಭಾಷ್ಯ ಬರೆದ.

"ದೇವರು ಕೂಡೂ ಕೈಮ್ಯಾಲ ರೊಟ್ಟಿ ಕುಂತ್ರ ಮೈಲಿಗಿ ಆಕ್ಕೈತೇನ್ರಿ ಹಂಗಾರ?"

ಸೋಲುತ್ತಿರುವ ಗಂಡಸು ದನಿ ಎತ್ತುತ್ತಾನೆ. ಮುರಿಗೆಪ್ಪನೂ ಎತ್ತಿದ. ಇದೆಲ್ಲ ಹುಟ್ಟುಗುಣವೂ ಅಲ್ಲ, ಮಣ್ಣೂ ಅಲ್ಲ, ಬರೀ ಚಟ, ತಂದೆತಾಯಿ ಕಲಿಸದೆ ಬಿಟ್ಟ ಸೋಮಾರಿತನ. ಮನಸ್ಸು ಗಟ್ಟಿ ಮಾಡಿದರೆ ಯಾರು ಬೇಕಾದರೂ ಕೈ ಬದಲಿಸಬಹುದು. ಬೇಕಾದರೆ ತಾನೇ ಎಲ್ಲವನ್ನೂ ಎಡಗೈಯಿಂದ ಮಾಡಿ ತೋರಿಸುತ್ತೇನೆ ಅಂದುಬಿಟ್ಟ. ಮಾತು ಹಲ್ಲು ದಾಟಿದ ಮೇಲೆ ಅದರ ಭಾರ ಗೊತ್ತಾಯಿತು. ಯಮನವ್ವನ ಜ್ವರ ಅಲ್ಲೇ ಇಳಿಯಿತು.

ಪೈಜು, ಅಂದರೆ ಪಂಥ, ಕಟ್ಟಿದ್ದು ಹೀಗೆ. ಶೀಗಿ ಹುಣ್ಣಿವೆ ತನಕ ಸೊಸೆ ಬಲಗೈಯವಳು, ಮಾವ ಎಡಗೈಯವ. ಪೂಜೆಗೆ ಮಾತ್ರ ಮಾಫಿ. ಮಾವ ನಡುವೆ ಕೈ ಬಿಟ್ಟರೆ ಸೊಸೆಯ ಕೈ ಸುದ್ದಿ ಈ ಮನೆಯಲ್ಲಿ ಮತ್ತೆ ಎತ್ತಕೂಡದು. ಮಾವ ಗೆದ್ದು ಸೊಸೆ ಸೋತರೆ ಆಕೆ ಅಪ್ಪನ ಬಂಡಿ ಹತ್ತುವುದು. ಮಾವನನ್ನು ಯಮನವ್ವ ಕಾಯುವಳು. ಸೊಸೆಯನ್ನು? ಅಡಿಗೆಮನೆಯೊಳಗೆ ಮಾವ ಕಾಲಿಡುವುದು ರೀತಿಯಲ್ಲ, ಆದ್ದರಿಂದ ಆಕೆಯನ್ನೂ ಯಮನವ್ವನೇ ಕಾಯುವಳು. ಇದರಲ್ಲಿ ಏನೋ ಒಂದು ಕೊರತೆಯಿದೆ ಅಂತ ಮುರಿಗೆಪ್ಪನಿಗೆ ಅನ್ನಿಸಿತು, ಆದರೆ ಏನು ಅಂತ ಹೊಳೆಯಲಿಲ್ಲ.

ಮರುದಿನದಿಂದ ಮುರಿಗೆಪ್ಪನ ವನವಾಸ ಶುರುವಾಯಿತು. ಎಡಗೈಯಲ್ಲಿ ಉಣ್ಣುವುದನ್ನು ನಾಲ್ಕು ಮಂದಿ ನೋಡಿದರೆ ಮರ್ಯಾದೆ ಉಳಿಯುತ್ತದೆಯೇ? ಜೋಳದ ಚೀಲಗಳ ಹಿಂದೆ ತಾಟು ಇಟ್ಟುಕೊಂಡು ಕಳ್ಳನ ಹಾಗೆ ಕೂತು ಉಂಡ. ರೊಟ್ಟಿ ಮುರಿದರೆ ಪಲ್ಯ ಹಾರಿತು, ಪಲ್ಯ ಹಿಡಿದರೆ ರೊಟ್ಟಿ ಜಾರಿತು. ಬಾಯಿ ಎಲ್ಲಿದೆ ಅನ್ನುವುದು ಎಡಗೈಗೆ ಗೊತ್ತೇ ಇರಲಿಲ್ಲ, ಮೊದಲ ತುತ್ತು ಕಿವಿಯ ಕಡೆ ಹೊರಟಿತ್ತು. ನುಚ್ಚು ಮಜ್ಜಿಗೆ ಮೊಣಕೈ ತನಕ ಹರಿದು ಬಂತು, ಜುಣಕ ಮೀಸೆಯಲ್ಲೇ ಮನೆ ಮಾಡಿತು. ರುಮಾಲು ಸುತ್ತಿದರೆ ಊರಿನ ಅಗಸೆ ಬಾಗಿಲು ದಾಟುವುದರೊಳಗೆ ಬಿಚ್ಚಿ ಕೊರಳಿಗೆ ಬಿತ್ತು. ತಂಬಾಕಿಗೆ ಸುಣ್ಣ ಸವರಲು ಹೋಗಿ ಸುಣ್ಣಕ್ಕೇ ತಂಬಾಕು ಸವರಿ ಬಾಯಿ ಸುಟ್ಟುಕೊಂಡ. ಚೀಲಗಳ ಆಚೆ ಯಮನವ್ವ ಕೂತು, ಅಯ್ಯ ಬಿಟ್ಟುಬಿಡಿರಿ, ಈ ವಯಸ್ಸಿನಲ್ಲಿ ಯಾಕೆ ಈ ಕರ್ಮ ಅಂತ ಸಮಾಧಾನ ಹೇಳುವಳು. ಆಕೆ ಹಾಗೆ ಅಂದಷ್ಟೂ ಅವನ ಹಟ ಏರುವುದು.

ಒಳಗೆ ಅಡಿಗೆಮನೆಯಲ್ಲಿ ಏನು ನಡೆದಿತ್ತು ಅಂತೀರಿ? ಶಿವಗಂಗವ್ವ ಮೊದಲೆರಡು ದಿನ ಖರೇನೇ ಬಲಗೈಯಲ್ಲಿ ರೊಟ್ಟಿ ಬಡಿದಳು. ಬೆಳಗಾವಿ ಜಿಲ್ಲೆಯ ನಕಾಶೆಯಂಥ ರೊಟ್ಟಿಗಳು ಬಂದವು. ಯಮನವ್ವ ಅವನ್ನು ಎತ್ತಿ ನೋಡಿ ಎಮ್ಮೆಗೆ ಹಾಕಿದಳು. ಹಿಟ್ಟು ಕೆಡಿಸಬೇಡ, ನಿನ್ನ ಕೈಯಿಂದ ನೀನು ಮಾಡು, ಕದ ನಾನು ಮುಂದೆ ಎಳೆದಿರುತ್ತೇನೆ ಅಂದಳು. ಅಲ್ಲಿಂದ ಎಡಗೈ ರೊಟ್ಟಿ ಎಂದಿನಂತೆ ತೆಳ್ಳಗೆ, ದುಂಡಗೆ, ಉಬ್ಬಿ ಉಬ್ಬಿ ಬಂದವು. ಪಡಸಾಲೆಯಲ್ಲಿ ನಾಲ್ಕು ಮಂದಿಯೆದುರು ನೀರಿನ ತಂಬಿಗೆ ಕೊಡುವಾಗ ಮಾತ್ರ ಬಲಗೈ. ಅದನ್ನು ನೋಡಿ ಮುರಿಗೆಪ್ಪ ತಲೆದೂಗಿ, ನೋಡಿದಿರಾ, ಬರೀ ಚಟ, ರೊಟ್ಟಿ ಮೊದಲಿಗಿಂತ ಚಲೋ ಆಗಿವೆ ಅನ್ನುವನು. ಆ ಮನೆಯಲ್ಲಿ ಗಂಡಸಿನ ಕಾನೂನು ಚಾಚೂ ತಪ್ಪದೆ ಪಾಲಿಸಿದವನು ಕಾನೂನು ಮಾಡಿದ ಗಂಡಸು ಒಬ್ಬನೇ.

ಒಂದು ದಿನ ಚಾವಡಿಯಲ್ಲಿ ಗೌಡರು ಅಡಿಕೆ ಕೊಟ್ಟರೆ ಮುರಿಗೆಪ್ಪ ಎಡಗೈ ಚಾಚಿಬಿಟ್ಟ. ಗೌಡರು ಕೈ ಹಿಂದಕ್ಕೆ ಎಳೆದು ಹುಬ್ಬು ಗಂಟು ಹಾಕಿದರು. ಹೆದರಿ, ಬಲಗೈ ಉಳುಕಿದೆ ಅಂದ. ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕಲ್ಲ. ಬಲಗೈಗೆ ಬಟ್ಟೆಯ ಜೋಳಿಗೆ ಕಟ್ಟಿ ಕೊರಳಿಗೆ ಇಳಿಬಿಟ್ಟ. ಊರೆಲ್ಲ ವೈದ್ಯರಾದರು. ಒಬ್ಬರು ಎಣ್ಣೆ ತಿಕ್ಕಿದರು, ಒಬ್ಬರು ಉಪ್ಪಿನ ಶಾಖ ಕೊಟ್ಟರು, ಶಿವವ್ವ ಮುದುಕಿ ಕಾಯಿಸಿದ ಕುಡುಗೋಲು ತಂದು ಬರೆ ಎಳೆಯಲು ಬಾಗಿಲಿಗೇ ಬಂದಳು. ಘಟಪ್ರಭಾದ ದವಾಖಾನೆಗೆ ಹೋಗು ಅಂದವರಿಗೆ ಆತ ಹೂಂ ಹೂಂ ಅಂದು ಹೊಲದ ದಾರಿ ಹಿಡಿದ. ಹೀಗೆ ಬಲಗೈ ಜೋಳಿಗೆಯಲ್ಲಿ ನಿದ್ದೆ ಹೋಯಿತು, ಎಡಗೈ ಹಗಲೂ ರಾತ್ರಿ ದುಡಿಯಿತು. ದಸರೆ ಹೊತ್ತಿಗೆ ತುತ್ತು ನೆಟ್ಟಗೆ ಬಾಯಿಗೆ ಹೋಯಿತು, ರುಮಾಲು ನಿಂತಿತು. ಮುರಿಗೆಪ್ಪ ಹಿಗ್ಗಿದ. ನೀನು ಕಲಿಸದೆ ಬಿಟ್ಟದ್ದನ್ನು ನಾನು ಕಲಿಸಿದೆ ಅಂತ ಬೀಗನೆದುರು ಮೆರೆಯಬೇಕೆನಿಸಿತು. ಮಮದಾಪುರಕ್ಕೆ ಹೇಳಿ ಕಳಿಸಿದ, ಹುಣ್ಣಿವೆಗೆ ಬಂಡಿ ಕಟ್ಟಿಕೊಂಡು ಬರಬೇಕು, ಮಗಳ ಕೈ ಬಗ್ಗೆ ಮಾತಾಡುವುದಿದೆ.

ಸೋಮಪ್ಪ ಬಂದ. ಮಗಳ ಕೈಯ ಗುಟ್ಟು ಬಯಲಾಗಿದೆ ಅಂತ ತಿಳಿದು ಮುಖ ಹುರಿದ ಕಡಲೆಯಷ್ಟಾಗಿತ್ತು. ಹುಣ್ಣಿವೆಯ ದಿನ ಎಲ್ಲರೂ ಬುತ್ತಿ ಹೊತ್ತು ಹೊಲಕ್ಕೆ ನಡೆದರು. ಶೀಗಿ ಹುಣ್ಣಿವೆಗೆ ಭೂಮಿತಾಯಿಗೆ ಪೂಜೆ ಮಾಡಿ, ಕಡುಬು, ಪಲ್ಯ, ಅನ್ನ ಎಲ್ಲ ಕಲಸಿ ಹೊಲದ ತುಂಬ ಚೆಲ್ಲುವುದು ರೂಢಿ. ಅದೇ ಚರಗ. ಮನೆಯ ಯಜಮಾನನೇ ಮುಂದಾಗಿ ಚೆಲ್ಲಬೇಕು. ಮುರಿಗೆಪ್ಪ ಮುಂಜಾನೆಯೇ ಜೋಳಿಗೆ ಬಿಚ್ಚಿ ಒಗೆದಿದ್ದ. ಕೈ ನೆಟ್ಟಗಾಯಿತು ಅಂತ ಊರಿಗೆಲ್ಲ ತಾನೇ ಸಾರಿದ್ದ. ಪೈಜು ಇವತ್ತಿಗೆ ಮುಗಿಯಿತು, ಗೆದ್ದವನು ತಾನೇ ಅಂತ ಎದೆ ಉಬ್ಬಿಸಿ ಚರಗದ ಬುಟ್ಟಿ ಹಿಡಿದು ಹೊರಟ. ಅಕ್ಕಪಕ್ಕದ ಹೊಲದವರೂ ನಿಂತು ನೋಡುತ್ತಿದ್ದರು. ಮುರಿಗೆಪ್ಪ ಬುಟ್ಟಿಯನ್ನು ಬಲಗೈಯಲ್ಲಿ ಹಿಡಿದು, ಎಡಗೈ ತುಂಬ ತುಂಬಿಕೊಂಡು, ಭೂಮಿತಾಯಿಗೆ ಜಯ ಹೇಳುತ್ತ, ಠೀವಿಯಿಂದ, ಹೊಲದ ನಾಲ್ಕೂ ಮೂಲೆಗೆ ಎಡಗೈಯಿಂದಲೇ ಚೆಲ್ಲಿ ಬಂದ. ಅವನಿಗೆ ಗೊತ್ತೇ ಆಗಲಿಲ್ಲ. ಎಡಗೈಗೆ ಈಗ ಯಜಮಾನನ ಅಪ್ಪಣೆ ಬೇಕಿರಲಿಲ್ಲ.

ತಿರುಗಿ ನೋಡಿದರೆ ಎಲ್ಲರ ಬಾಯಿಯೂ ತೆರೆದೇ ಇತ್ತು. ಮೊದಲು ಮಾತು ಬಂದದ್ದು ಸೋಮಪ್ಪನಿಗೆ. ಹುರಿದ ಕಡಲೆಯ ಮುಖ ನೋಡನೋಡುತ್ತ ನೆನೆದ ಕಡಲೆಯಷ್ಟು ಉಬ್ಬಿತು.

"ಬೀಗರ, ನನ್ನ ಮಗಳ ಕೈ ಸೆರಗಿನ್ಯಾಗ ಮುಚ್ಚಿಸಿದ್ದು ನಂದ ತಪ್ಪು. ಆ ತಪ್ಪಿಗೆ ನಾ ಇಷ್ಟ ದಿನ ನೆಟ್ಟಗ ನಿದ್ದಿ ಮಾಡಿಲ್ಲ. ನೀವು ನೋಡಿದ್ರ ಮನಿ ಹಿರ್ಯಾರ ಎಡಚರು, ಒಂದ ಮಾತ ಹೇಳಲಿಲ್ಲ."

ಮುರಿಗೆಪ್ಪ ಕೈ ಅಲ್ಲಾಡಿಸಿ ಇಲ್ಲ ಇಲ್ಲ ಅಂದ. ಅಲ್ಲಾಡಿಸಿದ್ದೂ ಎಡಗೈಯೇ. ಬಾಜೂ ಹೊಲದವರಿಗೆ ಎಲ್ಲ ಅರ್ಥವಾಯಿತು. ಉಳುಕೂ ಇಲ್ಲ, ಗಿಳುಕೂ ಇಲ್ಲ, ತಾನು ಎಡಚ ಅನ್ನುವುದನ್ನು ಬೀಗರಿಂದ ಮುಚ್ಚಿಡಲು ಜೋಳಿಗೆಯ ನಾಟಕ ಹೂಡಿದ್ದ ಅಂತ ಒಬ್ಬರಿಗೊಬ್ಬರು ಹೇಳಿಕೊಂಡರು. ಹೆಂಡತಿ ಜೊತೆ ಪೈಜು ಕಟ್ಟಿದ್ದೆ, ಅದಕ್ಕೇ ಹೀಗಾಯಿತು ಅಂತ ಮುರಿಗೆಪ್ಪ ಖರೆ ಬಿಚ್ಚಿ ಹೇಳಿದ. ಆಗಂತೂ ನಕ್ಕು ನಕ್ಕು ಕೆಲವರು ಬದುವಿನ ಮೇಲೆ ಕೂತೇಬಿಟ್ಟರು. ಸಾಕ್ಷಿಗೆ ಹೆಂಡತಿಯ ಕಡೆ ನೋಡಿದರೆ ಯಮನವ್ವ ಕಡುಬಿನ ಬುಟ್ಟಿಯ ಬಾಯಿ ಬಿಚ್ಚುತ್ತಿದ್ದಳು. ಕತ್ತು ಎತ್ತಲಿಲ್ಲ.

ಸೋಮಪ್ಪ ಈಗ ನ್ಯಾಯಾಧೀಶನಾದ. ಒಂದು ಕಡೆ ಎಡಗೈ ಇದ್ದರೆ ದೇವರು ಕೊಟ್ಟಿದ್ದು ಅನ್ನಬಹುದು, ಎರಡೂ ಕಡೆ ಕೂಡಿದರೆ ಹುಟ್ಟುವ ಕೂಸಿಗೆ ಬಲಗೈ ಇರುತ್ತದೋ ಇಲ್ಲವೋ ಅಂತ ಅವನ ಚಿಂತೆ. ಮಗಳ ಕಡೆ ತಿರುಗಿ, ಗಂಟು ಕಟ್ಟು, ಬಂಡಿ ಹೂಡುತ್ತೇನೆ ಅಂದ.

ಮುರಿಗೆಪ್ಪ ಲೆಕ್ಕ ಹಾಕಿದ. ಎಡಚಿ ಅಂತ ಸೊಸೆಯನ್ನು ಕಳಿಸುವುದು ಒಂದು ಮಾತು. ಮಾವ ಎಡಚ ಅಂತ ಸೊಸೆಯನ್ನು ಅವಳಪ್ಪ ಕರೆದುಕೊಂಡು ಹೋದ ಅಂದರೆ ಹುಕ್ಕೇರಿಯಿಂದ ಗೋಕಾವಿ ತನಕ ಎಲ್ಲಿ ಮುಖ ತೋರಿಸುವುದು? ಮಗನಿಗೆ ಮತ್ತೊಂದು ಹೆಣ್ಣು ಯಾರು ಕೊಟ್ಟಾರು? ಮೇಲಾಗಿ ಆ ರೊಟ್ಟಿ. ಅಣ್ಣಪ್ಪನ ಕಣ್ಣಲ್ಲಂತೂ ನೀರು ತುಂಬಿತ್ತು. ಮುರಿಗೆಪ್ಪ ರುಮಾಲು ತೆಗೆದು ಬಗಲಲ್ಲಿ ಇಟ್ಟುಕೊಂಡು ಸೊಸೆಯ ಮುಂದೆ ನಿಂತ.

"ಯವ್ವಾ ಶಿವಗಂಗಾ, ಹೋಗಬ್ಯಾಡವಾ. ನಿನಗ ಯಾವ ಕೈ ಬೇಕೋ ಆ ಕೈಲೆ ಮಾಡು. ಇನ್ನ ನಾ ಏನರ ಅಂದ್ರ ಆಮ್ಯಾಲ ಕೇಳು."

ಶಿವಗಂಗವ್ವ ಸೆರಗು ಸರಿಮಾಡಿಕೊಂಡಳು. ಮಾವನೆದುರು ಆಕೆ ಬಾಯಿ ಬಿಟ್ಟದ್ದು ಅದೇ ಮೊದಲು. ಆದರೆ ಮಾತು ಹೇಳಿದ್ದು ಅಪ್ಪನಿಗೆ.

"ನಾ ಇಲ್ಲೇ ಇರತೇನಿ, ಯಪ್ಪಾ. ಮಾವಾರ ಈಗಿನ್ನೂ ಎಡಗೈ ಕಲತಾರ. ಅವರಿಗೆ ಬಲಗೈಲೆ ಉಣ್ಣೂದು ಯಾರರ ಕಲಿಸಬೇಕಲ್ಲ."

ಆಮೇಲೆ ಎಲ್ಲರೂ ಬನ್ನಿ ಗಿಡದ ನೆರಳಿಗೆ ಪಂಕ್ತಿ ಕೂತರು. ಶಿವಗಂಗವ್ವ ಎಡಗೈಯಿಂದ ಸಾಲಿನುದ್ದಕ್ಕೂ ರೊಟ್ಟಿ ಹಾಕುತ್ತ ಬಂದಳು, ಯಾರೂ ಏನೂ ಅನ್ನಲಿಲ್ಲ. ಅನ್ನಲು ಯಾರಿಗೂ ಪುರುಸೊತ್ತೂ ಇರಲಿಲ್ಲ, ಬೀಗರು, ಬಾಜೂ ಹೊಲದವರು, ಹೆಂಡತಿ, ಮಗ ಎಲ್ಲರೂ ತಮ್ಮ ತಾಟು ಮರೆತು, ಮುರಿಗೆಪ್ಪ ಯಾವ ಕೈ ಎತ್ತುತ್ತಾನೆ ಅಂತ ಕಾಯುತ್ತ ಕೂತಿದ್ದರು.