ನಾನು ಹೇಳಿದ ಸರಿಂಗ

ಬೇರೆ ಭಾಷೆಯ ಊರಿಗೆ ಸೊಸೆಯಾಗಿ ಹೋದವಳು ಮೊದಲು ಕಲಿಯುವುದು ಅಲ್ಲಿನ ಸಾಂಬಾರನ್ನಲ್ಲ, ತಲೆಯಾಡಿಸುವುದನ್ನು. ಬರೀ ತಲೆ ಸಾಲದು ಎನಿಸಿದಾಗ ಜೊತೆಗೊಂದು ಪದ ಬೇಕಾಗುತ್ತದೆ. ಮೈಸೂರಿನಲ್ಲಿ ಎಂ.ಎ. ಮುಗಿಸಿ ಕೊಯಮತ್ತೂರಿನ ಮನೆ ಸೇರಿದ ನನಗೆ ಸಿಕ್ಕ ಪದ ‘ಸರಿಂಗ’. ನಮ್ಮ ‘ಸರಿ’ಗೆ ಮರ್ಯಾದೆಯ ಒಂದು ಬಾಲ ಅಂಟಿಸಿದರೆ ಆಯಿತು. ಈ ಊರಿನವರು ಜಗಳವಾಡುವಾಗಲೂ ಬಹುವಚನ ಬಿಡುವುದಿಲ್ಲ. ಸೊಪ್ಪಿನವನು ಬೆಲೆ ಹೇಳಿದರೆ ಸರಿಂಗ, ಗ್ಯಾಸಿನವನು ಸಿಲಿಂಡರು ನಾಳೆ ಎಂದರೆ ಸರಿಂಗ, ಪಕ್ಕದ ಮನೆಯವರು ತಮಗೆ ಸಕ್ಕರೆ ಏರಿದೆ ಎಂದರೂ ಸರಿಂಗ. ಎಷ್ಟೋ ವರ್ಷ ಈ ಒಂದೇ ಪದದಲ್ಲಿ ಸಂಸಾರ ಸಾಗಿಸಿದ್ದೇನೆ. ಅದೇ ಪದ ಒಬ್ಬ ಹುಡುಗಿಯ ಇಡೀ ವರ್ಷವನ್ನು ನುಂಗಲು ಹೊರಟಿತ್ತು ಎಂದರೆ ನೀವು ನಗಬಹುದು. ನನಗೆ ನಗು ಇನ್ನೂ ಪೂರ್ತಿ ಬಂದಿಲ್ಲ. ಈಗಲೂ ಕುಕ್ಕರ್ ಕೂಗಿದರೆ ರೆಫರಿಯ ಸೀಟಿಯೇ ಕೇಳಿಸಿ, ಬಿಳಿ ಗೆರೆಯ ಮೇಲೆ ಗಾಳಿಯಲ್ಲಿ ನಿಂತ ಒಂದು ಕಿತ್ತಳೆ ಬಣ್ಣದ ಬೂಟು ಕಣ್ಣಿಗೆ ಕಟ್ಟುತ್ತದೆ.

ನಾನು ತಮಿಳು ಕಲಿಯದೇ ಉಳಿದದ್ದಕ್ಕೆ ನಮ್ಮ ಮನೆಯೂ ಸ್ವಲ್ಪ ಕಾರಣ. ಇವರ ಹಿರಿಯರು ಯಾವ ಕಾಲದಲ್ಲೋ ಮಗ್ಗದ ಜೊತೆ ಕನ್ನಡವನ್ನೂ ಹೊತ್ತುಕೊಂಡು ಇಲ್ಲಿಗೆ ಬಂದವರು. ಮಗ್ಗ ಹೋಗಿ ಗಾಂಧಿಪುರಂನಲ್ಲಿ ಟವೆಲು-ಲುಂಗಿಯ ಅಂಗಡಿಯಾಗಿದೆ, ಕನ್ನಡ ಮಾತ್ರ ಮನೆಯೊಳಗೆ ಉಳಿದುಕೊಂಡಿದೆ. ಓದಲು ಯಾರಿಗೂ ಬಾರದು; ಪದಗಳಲ್ಲಿ ಅರ್ಧ ತಮಿಳು, ರಾಗ ಪೂರ್ತಿ ತಮಿಳು. ಅತ್ತೆಗಂತೂ ನನ್ನ ಕನ್ನಡವೆಂದರೆ ರೇಡಿಯೋ. ‘ಕಣ್ಣು, ವಾರ್ತೆ ಮುಗಿದ್ರೆ ಕಾಪಿ ಕೊಡು’ ಎನ್ನುತ್ತಾರೆ; ಕಣ್ಣು ಎಂದರೆ ಇಲ್ಲಿ ಮುದ್ದಿನ ಕರೆ. ಒಟ್ಟಿನಲ್ಲಿ ಹೊಸಲಿನ ಒಳಗೆ ನನಗೆ ತೊಂದರೆಯಿಲ್ಲ. ತೊಂದರೆ ಬಂದದ್ದು ಹೊಸಲಿನ ಆಚೆಯಿಂದ.

ನನ್ನ ಭಾವನ ಮಗಳು, ಅತ್ತೆಯ ಮುದ್ದಿನ ‘ಅಮ್ಮಿಣಿ’, ಧರಣಿ ಹನ್ನೊಂದನೇ ಕ್ಲಾಸು. ನಮ್ಮ ಮನೆಯ ಬಾಗಿಲುಗಳೆಲ್ಲ ಅವಳ ಹಣೆಗೆ ಒಂದೊಂದು ಸಲ ತಾಗಿವೆ, ಅಷ್ಟು ಎತ್ತರ. ಬ್ಯಾಸ್ಕೆಟ್‌ಬಾಲ್ ಅವಳ ಉಸಿರು. ಶಾಲೆಯ ತಂಡದಲ್ಲೂ, ಶಾಲೆಯವರೇ ಸೇರಿಸಿದ ಒಂದು ಕ್ಲಬ್ಬಿನಲ್ಲೂ ಆಡುತ್ತಾಳೆ. ಮುಂದಿನ ವಾರ ಜಿಲ್ಲಾ ತಂಡದ ಆಯ್ಕೆ ಇತ್ತು. ಅದರಲ್ಲಿ ಹೆಸರು ಬಂದರೆ ಮುಂದೆ ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಗುತ್ತದೆ ಎಂದು ಮನೆಯವರೆಲ್ಲ ಉಸಿರು ಹಿಡಿದು ಕೂತಿದ್ದೆವು. ಭಾವ, ಓರಗಿತ್ತಿ, ನನ್ನ ಗಂಡ ಮೂವರೂ ಸೇಲಂಗೆ ಮದುವೆಗೆ ಹೋಗುವಾಗ, ‘ನೀನಿದ್ದೀಯಲ್ಲ, ಓದಿದವಳು’ ಎಂದು ಮನೆಯನ್ನು ನನಗೆ ಒಪ್ಪಿಸಿ ಹೋದರು.

ಅವರು ಹೋದ ಮಧ್ಯಾಹ್ನವೇ ಬಾಗಿಲಲ್ಲಿ ಒಬ್ಬರು ಕಾಣಿಸಿಕೊಂಡರು. ಸರವಣನ್ ಎಂದು ಹೆಸರು, ಇನ್ನೊಂದು ಕ್ಲಬ್ಬಿನ ಕೋಚ್ ಎಂಬುದೆಲ್ಲ ತಿಳಿದದ್ದು ಆಮೇಲೆ. ಕೈಯಲ್ಲಿ ಒಂದು ಡಬ್ಬಿ, ಬಾಯಲ್ಲಿ ಎಕ್ಸ್‌ಪ್ರೆಸ್ ತಮಿಳು. ಅತ್ತೆ ಸ್ನಾನಕ್ಕೆ ಹೋಗಿದ್ದರು. ನನ್ನ ಕಿವಿಗೆ ಬಿದ್ದದ್ದು ಧರಣಿ, ಶೂ, ಸಂಡೇ, ಧಾರಾಪುರಂ ಎಂಬ ನಾಲ್ಕು ದ್ವೀಪಗಳು, ಸುತ್ತಲೂ ಸಮುದ್ರ. ಯಾವುದೋ ಪಂದ್ಯದ ಸುದ್ದಿ ಹೇಳುತ್ತಿದ್ದಾರೆ ಎಂದುಕೊಂಡೆ. ಅವರು ಉಸಿರು ತೆಗೆದುಕೊಳ್ಳಲು ನಿಂತಲ್ಲೆಲ್ಲ ನಾನು ಸರಿಂಗ ಎಂದೆ. ಡಬ್ಬಿ ಕೊಟ್ಟರು, ಸರಿಂಗ. ಕೈಮುಗಿದರು, ಸರಿಂಗ. ಎಷ್ಟು ವಿನಯವಂತರು ಎಂದು ನಾನೂ, ಎಷ್ಟು ಸುಲಭವಾಗಿ ಒಪ್ಪಿದರು ಎಂದು ಅವರೂ ಅಂದುಕೊಂಡಿರಬೇಕು. ಡಬ್ಬಿಯಲ್ಲಿ ಕಿತ್ತಳೆ ಬಣ್ಣದ ಬೂಟುಗಳಿದ್ದವು. ಧರಣಿ ಸಂಜೆ ಬಂದವಳು ಅದನ್ನು ತಬ್ಬಿಕೊಂಡು ಮೂರು ಸುತ್ತು ಕುಣಿದಳು. ಶಾಲೆಯವರೇ ಕೊಟ್ಟಿರಬೇಕು ಎಂದು ನಾನು ಸಂತೋಷಪಟ್ಟೆ.

ಭಾನುವಾರ ಬೆಳಿಗ್ಗೆ ವ್ಯಾನ್ ಬಂತು, ಧರಣಿ ‘ಚಿತ್ತಿ, ಬರ್ತೀನಿ’ ಎಂದು ಹತ್ತಿ ಹೋದಳು. ಚಿಕ್ಕಮ್ಮನಿಗೆ ಇಲ್ಲಿ ಚಿತ್ತಿ ಎನ್ನುತ್ತಾರೆ. ನಾನು ಇಡ್ಲಿ ತಟ್ಟೆ ಇಳಿಸುತ್ತಿದ್ದಾಗ ಅವಳ ಶಾಲೆಯ ಪಿ.ಟಿ. ಟೀಚರ್ ಫೋನು ಮಾಡಿದರು. ನನ್ನ ತಮಿಳಿನ ಯೋಗ್ಯತೆ ಅವರಿಗೆ ಗೊತ್ತು. ಮಗುವಿಗೆ ಔಷಧಿ ಕುಡಿಸುವ ಹಾಗೆ ಒಂದೊಂದೇ ಮಾತು ಕುಡಿಸಿದರು. ಧರಣಿ ಬೇರೆ ಕ್ಲಬ್ಬಿನ ಪರವಾಗಿ ಇವತ್ತು ಧಾರಾಪುರಂನಲ್ಲಿ ಆಡುತ್ತಾಳಂತೆ, ನಿಜವಾ? ಸೀಸನ್ ನಡುವೆ ಒಂದು ಕ್ಲಬ್ಬಿನ ಮಗು ಇನ್ನೊಂದು ಕ್ಲಬ್ಬಿನ ಜರ್ಸಿ ತೊಟ್ಟು ಕೋರ್ಟಿಗೆ ಕಾಲಿಟ್ಟರೆ ಮುಗಿಯಿತು, ಈ ವರ್ಷ ಯಾವ ಆಯ್ಕೆಗೂ ಅವಳ ಹೆಸರಿಲ್ಲ. ‘ಸೀಸನ್ ಮುಗಿದ ಮೇಲೆ ಆ ಕೋಚ್ ಬಂದು ನಮ್ಮನ್ನೂ ಮನೆಯವರನ್ನೂ ಕೂರಿಸಿಕೊಂಡು ಕೇಳಲಿ, ಬೇಡ ಅನ್ನುವವರು ಯಾರು? ಅವರಿಗೆ ಇವತ್ತಿನ ಕಪ್ ಬೇಕು ಅಷ್ಟೆ. ವರ್ಷ ಹೋಗೋದು ಮಗುವಿನದು. ಅವರು ಫೋನೂ ಎತ್ತುತ್ತಿಲ್ಲ. ನೀವು ಒಪ್ಪಿದಿರಾ?’

ನಾಲ್ಕು ದ್ವೀಪಗಳು ಒಂದಕ್ಕೊಂದು ಕೂಡಿಕೊಂಡವು. ಧರಣಿಗೆ ಫೋನ್ ಹಚ್ಚಿದೆ, ಸ್ವಿಚ್ ಆಫ್. ಅತ್ತೆಗೆ ವಿಷಯ ಹೇಳಿದೆ. ‘ಕೋರ್ಟಿಗೆ ಕಾಲಿಟ್ರೆ ಒಂದು ವರ್ಷ ಹೋಗುತ್ತಂತೆ ಅತ್ತೆ!’

‘ಒಂದೇ ವರ್ಷನಾ? ನಿನ್ನ ಮಾವನಿಗೆ ಪಾಲಿನ ಕೇಸಲ್ಲಿ ಅರ್ಧ ಆಯುಸ್ಸೇ ಹೋಯ್ತು,’ ಎಂದರು ಅತ್ತೆ. ಆ ಕೋರ್ಟಲ್ಲ, ಆಟದ ಕೋರ್ಟು, ಧರಣಿಯ ಕಾಲು ಎಂದು ಬಿಡಿಸಿ ಹೇಳಿದ ಮೇಲೆ ಅವರ ಮುಖ ಬದಲಾಯಿತು. ‘ಅಯ್ಯೋ ಸಾಮಿ, ಅಮ್ಮಿಣಿ ಕಾಲಾ? ಸೆರಗು ಸಿಕ್ಕಿಸು, ನಡಿ!’ ಮಂಡಿನೋವೆಂದು ದೇವಸ್ಥಾನದ ಮೆಟ್ಟಿಲು ಹತ್ತದ ಅತ್ತೆ, ಧಾರಾಪುರಂ ಬಸ್ಸು ನಿಲ್ಲುವ ಮೊದಲೇ ಹತ್ತಿ ಸೀಟು ಹಿಡಿದರು.

ಆ ಪ್ರಯಾಣವನ್ನು ನಾನು ಇನ್ನೂ ಮುಗಿಸಿಲ್ಲ. ಪಲ್ಲಡಂನಲ್ಲಿ ಬಸ್ಸು ನಿಂತಿತು. ಡ್ರೈವರು ಟೀ ಕುಡಿದರು. ಲೋಟವನ್ನು ಊದಿ ಊದಿ ಕುಡಿಯುವ ಮನುಷ್ಯನನ್ನು ಅಷ್ಟು ದ್ವೇಷಿಸಬಹುದು ಎಂದು ನನಗೆ ಗೊತ್ತಿರಲಿಲ್ಲ. ಕಿಟಕಿಯ ಆಚೆ ಗಾಳಿಯಂತ್ರಗಳು ನಿಧಾನವಾಗಿ ಸುತ್ತುತ್ತಿದ್ದವು, ಅವಕ್ಕೂ ಅವಸರವಿರಲಿಲ್ಲ. ಅತ್ತೆ ಇಡೀ ದಾರಿ ಮುಂದಿನ ಸೀಟಿನ ಕಂಬಿ ಹಿಡಿದು ತಾವೇ ಬಸ್ಸು ತಳ್ಳುವವರಂತೆ ಕೂತಿದ್ದರು. ಒಂದು ಸಲ ಮಾತ್ರ ನನ್ನ ಕಡೆ ತಿರುಗಿ, ‘ಏನ್ ಕಣ್ಣು, ಎಂ.ಎ. ಓದಿದ್ದೀಯ. ಬೇಡ ಅನ್ನೋಕೆ ಅದರಲ್ಲಿ ಒಂದು ಪಾಠ ಇಟ್ಟಿರ್ಲಿಲ್ವಾ?’ ಎಂದರು.

ಆಟೋ ಹಿಡಿದು ಮೈದಾನ ಮುಟ್ಟಿದಾಗ ಪಂದ್ಯ ನಡೆಯುತ್ತಿತ್ತು. ಜನರ ಭುಜಗಳ ನಡುವೆ ಮೊದಲು ಕಂಡದ್ದು ಆ ಬೂಟುಗಳು. ಧರಣಿ ಇನ್ನೂ ಆಟಕ್ಕಿಳಿದಿರಲಿಲ್ಲ! ನನ್ನ ಎದೆ ಹಗುರಾಗುವ ಮೊದಲೇ ಸರವಣನ್ ಅವಳ ಬೆನ್ನು ತಟ್ಟಿ ಕಳಿಸಿದರು. ಅವಳು ಹೋಗಿ ಗೆರೆಯ ಹೊರಗೆ ಬದಲಿ ಆಟಗಾರ್ತಿಯಾಗಿ ನಿಂತಳು. ರೆಫರಿ ಕೈಬೀಸಿದರೆ ಒಳಗೆ. ಆಟ ನಿಲ್ಲುವುದೊಂದೇ ಬಾಕಿ.

ನಾನು ಜನರನ್ನು ತಳ್ಳಿಕೊಂಡು ಓಡಿದೆ. ನಿಲ್ಲಿಸಿ ಎಂದು ತಮಿಳಿನಲ್ಲಿ ಕೂಗಬೇಕಿತ್ತು. ಗೊತ್ತಿದ್ದ ಹತ್ತಿಪ್ಪತ್ತು ಪದಗಳೂ ಆ ಹೊತ್ತಿಗೆ ಊರು ಬಿಟ್ಟು ಹೋಗಿದ್ದವು. ಕೈ ಮೇಲೆತ್ತಿ, ಇದ್ದ ಶಕ್ತಿಯನ್ನೆಲ್ಲ ಸೇರಿಸಿ, ಕೋಚ್ ಕಡೆ ನೋಡಿ ಕೂಗಿದೆ. ‘ಸರಿಂಗ! ಸರಿಂಗ!’

ಸರವಣನ್ ನನ್ನನ್ನು ಗುರುತಿಸಿ ನಗುತ್ತಾ ಹೆಬ್ಬೆರಳು ಎತ್ತಿದರು. ಸೀಟಿ ಕೂಗಿತು. ರೆಫರಿ ಕೈಬೀಸಿದರು. ಧರಣಿ ಬಲಗಾಲು ಎತ್ತಿದಳು.

‘ಧರಣೀ, ಬೇಡ!’

ಅದು ನನ್ನೊಳಗಿನಿಂದ ಹೇಗೆ ಬಂತೋ ಕಾಣೆ. ಅಷ್ಟು ಗದ್ದಲದಲ್ಲಿ ಅದೊಂದು ಪದ ಅಡುಗೆಮನೆಯಿಂದ ನೇರ ಎದ್ದು ಬಂದಂತಿತ್ತು. ಬಿಸಿ ಬಾಣಲೆ ಮುಟ್ಟುವ ಮಕ್ಕಳಿಗೆ ನಾವು ಹೇಳುವ ಬೇಡ. ಧರಣಿ ಹಾಗೇ ನಿಂತಳು. ಕಾಲು ಗೆರೆಯ ಮೇಲೆ, ಗಾಳಿಯಲ್ಲಿ. ಅವಳ ಹಿಂದೆ ಸರವಣನ್ ‘ಪೋ ಮಾ, ಪೋ’ ಎನ್ನುತ್ತಿದ್ದಾರೆ. ರೆಫರಿ ಅವಸರದಿಂದ ಕರೆಯುತ್ತಿದ್ದಾರೆ. ಬೂಟು ಅಲುಗಿತು. ಕೆಳಗೆ ಇಳಿಯಿತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅದು ಗೆರೆಯ ಈಚೆ ಇತ್ತು.

‘ನೀನೇ ಸರಿ ಅಂದಿಯಂತಲ್ಲ ಚಿತ್ತಿ! ಟೀಚರ್ ಹತ್ರ ಎಲ್ಲಾ ಪೇಸಿಯಾಚು ಅಂದ್ರು ಸಾರು,’ ಎಂದು ಧರಣಿ ಅಳುವ ದನಿಯಲ್ಲಿ ಹೇಳಿದಳು. ಟೀಚರ ಜೊತೆ ಯಾರೂ ಒಂದು ಮಾತೂ ಆಡಿರಲಿಲ್ಲ. ವರ್ಷ ಹೋಗುತ್ತಿತ್ತು ಎಂದು ತಿಳಿದಾಗ ಅವಳು ಅಲ್ಲೇ ಕೂತು ಬೂಟಿನ ದಾರ ಬಿಚ್ಚತೊಡಗಿದಳು.

ಅಷ್ಟರಲ್ಲಿ ಅತ್ತೆ ಕೋಚ್ ಮುಂದೆ ನಿಂತಾಗಿತ್ತು. ಮಾತೆಲ್ಲ ತಮಿಳಿನಲ್ಲೇ ನಡೆಯಿತು. ಆದರೆ ಆ ದಿನ ನನಗೆ ಒಂದಕ್ಷರವೂ ಅರ್ಥವಾಗದೆ ಉಳಿಯಲಿಲ್ಲ.

‘ಏನುಂಗ ಸಾರ್, ಹೆಣ್ಣು ಕೇಳೋಕೆ ಬರೋರು ಕೂಡ ಮನೇಲಿ ದೊಡ್ಡೋರು ಯಾರು ಅಂತ ವಿಚಾರಿಸ್ತಾರೆ. ನೀವು ಈ ಮೈಸೂರು ಬೊಂಬೇನ ಕೇಳಿ ಹೋದ್ರಾ?’

‘ಒಂದು ಸಲ ಅಲ್ಲಮ್ಮ, ಮಾತು ಮಾತಿಗೂ ಸರಿಂಗ ಅಂದ್ರು. ಈಗಲೂ ಕೂಗಿದ್ರು, ಎಲ್ಲಾರೂ ಕೇಳಿದ್ದಾರೆ.’

‘ನೀವು ಹುಟ್ಟಿದ್ದೆಲ್ಲಿ?’

‘ನಮ್ಮ ಕೊಯಮತ್ತೂರು ಪಕ್ಕದ ಮದುಕ್ಕರೈ.’

‘ಮದುಕ್ಕರೈಯಲ್ಲಿ ಹುಟ್ಟಿ ಬೆಳೆದೋರಿಗೆ ಸರಿಂಗ ಅಂದ್ರೆ ಒಪ್ಪಿಗೆ ಅಂತ ಹೇಳಿಕೊಟ್ಟೋರು ಯಾರುಂಗ? ಕೇಳಿಸ್ತು ಅಂತ ಅಷ್ಟೆ. ಅವಳು ಹೊರಗಿನವಳು, ಅವಳಿಗೆ ತಿಳೀದು. ನಿಮಗೆ ತಿಳೀದಾ?’

ಸರವಣನ್‌ಗೆ ತಿಳಿದಿತ್ತು. ನನಗೆ ಭಾಷೆ ಬಾರದೆ ತಪ್ಪಾಗಿತ್ತು. ಅವರಿಗೆ ಭಾಷೆ ಚೆನ್ನಾಗಿ ಬರುತ್ತಿದ್ದರಿಂದಲೇ ಅನುಕೂಲವಾಗಿತ್ತು. ಅತ್ತೆ ಬೂಟುಗಳನ್ನು ಅವರ ಕೈಗೆ ಕೊಟ್ಟು, ತಮ್ಮ ಚಪ್ಪಲಿಯನ್ನು ಮೊಮ್ಮಗಳ ಕಾಲಿಗೆ ತೊಡಿಸಿದರು. ಹಿಮ್ಮಡಿ ಪೂರ್ತಿ ಹೊರಗಿತ್ತು. ಹಾಗೇ ಬಸ್ಸು ಹತ್ತಿದೆವು, ಅತ್ತೆ ಬರಿಗಾಲಲ್ಲಿ.

ಅಂದಿನಿಂದ ನನಗೆ ಸರಿಂಗ ನಿಷೇಧ. ಯಾರೇ ಬಂದು ಏನೇ ಹೇಳಲಿ, ನಾನು ಮೊದಲು ‘ವೇಂಡಾಂಗ’, ಅಂದರೆ ಬೇಡ, ಎನ್ನಬೇಕು, ಆಮೇಲೆ ಅತ್ತೆಯನ್ನು ಕರೆಯಬೇಕು. ಇದರಿಂದ ಒಂದು ಗ್ಯಾಸ್ ಸಿಲಿಂಡರು ಬಾಗಿಲವರೆಗೆ ಬಂದು ಹಿಂದಕ್ಕೆ ಹೋಗಿದೆ. ಪರವಾಗಿಲ್ಲ.

ಮುಂದಿನ ವಾರ ಆಯ್ಕೆ ಮುಗಿದು, ಭಾವ, ಓರಗಿತ್ತಿ ಅಂಗಡಿಯಲ್ಲಿದ್ದ ಹೊತ್ತಿಗೆ ಪಿ.ಟಿ. ಟೀಚರ್ ಫೋನು ಬಂತು. ಧರಣಿಯ ಹೆಸರು ಬಂದಿದೆ, ಶಿಬಿರಕ್ಕೆ ಕಳಿಸಲು ಮನೆಯವರ ಒಪ್ಪಿಗೆ ಬೇಕು ಎಂದರು. ನನ್ನ ನಾಲಿಗೆಯ ತುದಿಗೆ ಆ ಪದ ಬಂದು ನಿಂತಿತು. ಹಲ್ಲು ಕಚ್ಚಿ ಫೋನನ್ನು ಅತ್ತೆಗೆ ಕೊಟ್ಟೆ. ಅತ್ತೆ ಗೋಡೆ ನೋಡುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಧರಣಿ ಕಂಬದ ಪಕ್ಕ ಉಗುರು ಕಚ್ಚುತ್ತಿದ್ದಳು. ಕೊನೆಗೆ ಅತ್ತೆ ಒಂದೇ ಮಾತು ಹೇಳಿ ಫೋನು ಕೆಳಗಿಟ್ಟರು.

‘ಸರಿಂಗ.’

ಧರಣಿ ಕಿರುಚಿಕೊಂಡು ಅಜ್ಜಿಯನ್ನು ಅನಾಮತ್ತಾಗಿ ಎತ್ತಿ ಸುತ್ತಿಸಿದಳು. ಇಲ್ಲೇ ಹುಟ್ಟಿದವಳು, ಅವಳಿಗೆ ತಿಳಿಯಿತು. ನಾನು ಮಾತ್ರ ಅವರಿಬ್ಬರ ಸುತ್ತ ಓಡುತ್ತಾ ಕೇಳುತ್ತಲೇ ಇದ್ದೆ. ‘ಅತ್ತೆ, ಇದು ಕೇಳಿಸ್ತು ಅನ್ನೋ ಸರಿಂಗನಾ, ಒಪ್ಪಿಗೆ ಅನ್ನೋ ಸರಿಂಗನಾ?’