ಏಣಿ ಮಾಮನ ಮೂರು ಕೋಲು

ಎಲ್ಲದಕ್ಕೂ ಕಾರಣ ಒಂದೇ ಒಂದು ಸೀನು. ಎರಡನೇ ಮಹಡಿಯ ಕಿಟಕಿಯ ಮೇಲಿನ ಧೂಳು ಕೊಡವುತ್ತಿದ್ದಾಗ ಏಣಿ ಮಾಮನಿಗೆ ಅದು ಬಂತು. ನೆಲದ ಮೇಲೆ ನಿಂತು ಸೀನುವವನಿಗೆ ಕರವಸ್ತ್ರವಿದ್ದರೆ ಸಾಕು. ಏಣಿಯ ಮೇಲೆ ನಿಂತು ಸೀನುವವನಿಗೆ ಕೆಳಗೆ ಏನಿದೆ ಎನ್ನುವುದು ಮುಖ್ಯವಾಗುತ್ತದೆ. ಮಾಮನ ಅದೃಷ್ಟಕ್ಕೆ ಕೆಳಗೆ ದಟ್ಟವಾದ ಪೊದೆ ಇತ್ತು. ದುರದೃಷ್ಟಕ್ಕೆ ಪೊದೆಯ ಪಕ್ಕದಲ್ಲಿ ಊಟದ ಡಬ್ಬಿ ಹಿಡಿದು ಅವನ ಹೆಂಡತಿ ನಿಂತಿದ್ದಳು.

"ಇನ್ನೊಂದ್ಸಲ ನಿಮ್ಮ ಕಾಲು ನೆಲ ಬಿಟ್ಟಿದ್ದು ಕಂಡ್ರೆ ನಾನು ಅಕ್ಕನ ಮನೆಗೆ ಹೊರಟೆ," ಎಂದಳು ಆಕೆ, ಗಂಡನ ತಲೆಯಿಂದ ಎಲೆ ಹೆಕ್ಕುತ್ತಾ. "ಯಾವಾಗ ಬರ್ತೀಯ ಅಂತ ಕೇಳೋ ಹಾಗಿಲ್ಲ."

ಬೇರೆ ಯಾರ ಮಾತಾಗಿದ್ದರೂ ಮಾಮ ನಕ್ಕು ಸುಮ್ಮನಾಗುತ್ತಿದ್ದ. ಈಕೆ ಅಂಥವಳಲ್ಲ. ಬೀದಿ ಕೊನೆಯ ಅಂಗಡಿಯವನು ಒಮ್ಮೆ ತೂಕದಲ್ಲಿ ಮೋಸ ಮಾಡಿದನೆಂದು 'ಇನ್ನು ನಿನ್ನ ಮೆಟ್ಟಿಲು ಹತ್ತಲ್ಲ' ಎಂದವಳು, ಹನ್ನೊಂದು ವರ್ಷದಿಂದ ಉಪ್ಪಿಗೂ ಎರಡು ಬೀದಿ ಸುತ್ತಿ ಹೋಗುತ್ತಿದ್ದಳು. ಮಾಮನಿಗೋ, ಹೆಂಡತಿ ಮನೆಯಲ್ಲಿಲ್ಲದಿದ್ದರೆ ತನ್ನ ಕಾಲುಚೀಲ ಎಲ್ಲಿದೆ ಎಂಬುದೂ ಗೊತ್ತಾಗುತ್ತಿರಲಿಲ್ಲ. ಆಕೆಯಿಲ್ಲದ ಮನೆಯನ್ನು ನೆನೆದರೇ ಅವನಿಗೆ ಅಳು ಬರುವಂತಾಗುತ್ತಿತ್ತು.

ಆದರೆ ಕಿಟಕಿ ಒರೆಸುವವನು ಏಣಿ ಬಿಟ್ಟು ಬದುಕುವುದು ಹೇಗೆ? ಅದರಲ್ಲೂ ಸರಿಯಾಗಿ ಒಂದು ವಾರಕ್ಕೆ ಗ್ರಂಥಾಲಯದ ಪರೀಕ್ಷೆ ಇತ್ತು. ನಾಲ್ಕು ಮಹಡಿ, ಅರವತ್ತನಾಲ್ಕು ಕಿಟಕಿ. ಹೊರಗಿನ ಗಾಜೆಲ್ಲ ಇಪ್ಪತ್ತು ವರ್ಷದಿಂದ ಮಾಮನದೇ ಕೆಲಸ. ಈ ಸಲ ಮಾತ್ರ, ಕೆಲಸ ಮಾಡಿ ತೋರಿಸಿದ ಮೇಲೆಯೇ ವರ್ಷದ ಗುತ್ತಿಗೆ ಎಂದಿದ್ದರು ಗ್ರಂಥಾಲಯದ ಮೇಡಂ. ಮೊದಲ ದಿನ ಮಾಮನ ಸರದಿ. ಮರುದಿನ ಹಗ್ಗ ಕಟ್ಟಿಕೊಂಡು ಇಳಿಯುವ ಒಂದು ಕಂಪನಿಯದು.

ಮೇಡಂ ಎಂದಿದ್ದರು ಅಂದರೆ ಬಾಯಲ್ಲಿ ಅಂದರು ಎಂದಲ್ಲ. ಇಪ್ಪತ್ತು ವರ್ಷದಲ್ಲಿ ಆ ಮೇಡಂ ದನಿಯನ್ನು ಮಾಮ ಒಂದು ಸಲವೂ ಕೇಳಿರಲಿಲ್ಲ. ಗ್ರಂಥಾಲಯದಲ್ಲಿ ಮಾತಾಡಬಾರದೆಂಬ ನಿಯಮವನ್ನು ಅವರು ತಮ್ಮಿಂದಲೇ ಶುರು ಮಾಡಿದ್ದರು. ಹೇಳುವುದನ್ನು ಚೀಟಿಯಲ್ಲಿ ಬರೆದು, ಒಳಗಿನಿಂದ ಕಿಟಕಿಯ ಗಾಜಿಗೆ ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದರು. ಹೊರಗೆ ಏಣಿಯ ಮೇಲಿದ್ದ ಮಾಮ ಓದಿಕೊಂಡು ತಲೆ ಆಡಿಸುತ್ತಿದ್ದ.

ಮಾಮನನ್ನು ಪಾರು ಮಾಡಲು ಮುಂದೆ ಬಂದವನು ಅವನ ಬಾಮೈದ. ಮಾಡುವ ಕೆಲಸ ಯಾವುದೂ ಇಲ್ಲದ್ದರಿಂದ, ದಿನವಿಡೀ ಫೋನು ನೋಡಿ ನೋಡಿ ಅವನಿಗೆ ಎಲ್ಲರ ಕೆಲಸವೂ ಗೊತ್ತಿತ್ತು. ಪರೀಕ್ಷೆಯ ದಿನ ಬೆಳಿಗ್ಗೆ ಅವನು ಸಲಕರಣೆ ಅಂಗಡಿಯಿಂದ ಮೂರು ಉದ್ದನೆಯ ಚೀಲಗಳನ್ನು ಹೊತ್ತು ತಂದು ಅಂಗಳದಲ್ಲಿ ಹರಡಿದ.

"ಭಾವ, ಏಣಿ ಕಾಲ ಮುಗೀತು. ಇನ್ನೇನಿದ್ರೂ ಕೋಲು! ಎಳೆದಷ್ಟೂ ಉದ್ದ ಆಗುತ್ತೆ. ಒಳಗೇ ಪೈಪು, ತುದೀಲಿ ಬ್ರಷ್ಷು. ಶುದ್ಧ ಮಾಡಿದ ನೀರು ಮೇಲೆ ಹೋಗಿ ಗಾಜು ತೊಳೆದು ಇಳಿದು ಬರುತ್ತೆ. ಸೋಪಿಲ್ಲ, ಬಟ್ಟೆ ಇಲ್ಲ, ತಾನಾಗೇ ಒಣಗುತ್ತೆ. ನೀವು ಕೆಳಗೆ ನಿಂತ್ಕೊಂಡು ಆಕಾಶ ನೋಡ್ತಿದ್ರೆ ಆಯ್ತು."

"ಮೂರು ಯಾಕೋ?"

"ಒಂದು ಅಲ್ಯೂಮಿನಿಯಂ, ಒಂದು ಫೈಬರ್, ಒಂದು ಕಾರ್ಬನ್. ಒಂದು ದಿನ ಇಟ್ಕೊಂಡು ನೋಡಿ, ಬೇಕಾದ್ದು ಇಟ್ಕೊಳ್ಳಿ ಅಂದಿದಾನೆ ಅಂಗಡಿಯವನು. ಹೋಲಿಸಿ ನೋಡದೆ ಯಾರಾದ್ರೂ ತಗೋತಾರಾ?"

ಹೆಂಡತಿ ಮೂರನ್ನೂ ಸುತ್ತಿ ಬಂದು, "ಕಾಲು ನೆಲದ ಮೇಲೇ ಇರುತ್ತೆ ತಾನೆ?" ಎಂದು ಒಂದೇ ಪ್ರಶ್ನೆ ಕೇಳಿದಳು. ಇರುತ್ತದೆ ಎಂದ ಕೂಡಲೇ ಒಳಗೆ ಹೋಗಿ ಗಂಡನ ಕಾಲುಚೀಲ ತಂದುಕೊಟ್ಟಳು.

ಮಾಮನಿಗೆ ಹುರುಪು ಬಂತು. ಗೋಡೆಗೆ ಒರಗಿಸಿದ್ದ ಏಣಿಯನ್ನು ಹೆಗಲಿಗೇರಿಸಿ ಪಕ್ಕದ ಮನೆಯ ಪೇಂಟರ್ ಬಾಗಿಲಿಗೇ ಹೋಗಿ ನಿಂತ. "ತಗೋ ಮಾರಾಯ. ಇಪ್ಪತ್ತು ವರ್ಷ ನಾನು ಹೊತ್ತೆ, ಇನ್ನು ನೀನು ಹೊರು."

"ಸುಮ್ನೆ ಕೊಡ್ತಿದೀರಾ? ನಾಳೆ ವಾಪಸ್ ಕೇಳ್ಬಾರ್ದು ಮಾಮ!"

"ನಾನು ಬಿಡು, ನನ್ನ ಮೊಮ್ಮಕ್ಕಳೂ ಕೇಳಲ್ಲ."

ಹತ್ತು ಗಂಟೆಗೆ ಗ್ರಂಥಾಲಯದ ಮುಂದೆ ಹೋಲಿಕೆ ಶುರುವಾಯಿತು. ಪಕ್ಕದ ಕಟ್ಟಡಕ್ಕೆ ಕಂದು ಬಣ್ಣ ಬಳಿಯುತ್ತಿದ್ದ ಪೇಂಟರ್, ಬೆಳಿಗ್ಗೆಯಷ್ಟೇ ಪಡೆದ ಏಣಿಯ ಮೇಲೆ ನಿಂತು ಪುಕ್ಕಟೆ ತಮಾಷೆ ನೋಡತೊಡಗಿದ.

ಮೊದಲು ಅಲ್ಯೂಮಿನಿಯಂ. ಒಂದನೇ ಮಹಡಿಯವರೆಗೆ ಅದು ಕೋಲಿನ ಹಾಗೇ ಇತ್ತು. ಎರಡನೆಯದಕ್ಕೆ ಕಂಬವಾಯಿತು. ಮೂರನೆಯದಕ್ಕೆ ಚಾಚುವ ಹೊತ್ತಿಗೆ ಮಾಮನ ತೋಳು ನಡುಗಿ, ಬ್ರಷ್ಷು ಗಾಜಿನ ಮೇಲೆ ಟಕಟಕ ಟಕಟಕ ಎಂದು ಬಾಗಿಲು ತಟ್ಟಿದ ಹಾಗೆ ಬಡಿಯತೊಡಗಿತು. ತಕ್ಷಣ ಗಾಜಿನ ಹಿಂದೆ ಚೀಟಿ ಬಂತು: 'ಸದ್ದು.'

"ಗಟ್ಟಿಯಾಗಿ ಹಿಡ್ಕೊಳ್ಳಿ ಭಾವ!" ಎಂದ ಬಾಮೈದ. ಹಿಡಿದುಕೊಂಡಿದ್ದ ಭಾವನಿಗೇನೋ ಶಕ್ತಿ ಬಂತು. ಆದರೆ ಬಾಮೈದ ಕೋಲಿನ ಮಧ್ಯದಲ್ಲಿ ತುಂಡುಗಳನ್ನು ಹಿಡಿದಿಡುವ ಕ್ಲಾಂಪು ಬಿಗಿದಿರಲಿಲ್ಲ. ಇಡೀ ಕೋಲು ಸರ್ರೆಂದು ತನ್ನೊಳಗೆ ತಾನೇ ಇಳಿದು ಬಂತು, ಜೊತೆಗೆ ಬ್ರಷ್ಷೂ ನೀರೂ. ಮಾಮನಿಗೆ ತಲೆಸ್ನಾನವಾಯಿತು. ತೊಳೆದಿದ್ದ ಎಂಟು ಕಿಟಕಿಗಳು ಅಷ್ಟರಲ್ಲಿ ಒಣಗಿ, ಮೈತುಂಬ ಬಿಳಿ ಚುಕ್ಕೆ ತೋರಿಸುತ್ತಿದ್ದವು. ಮೇಡಂ ಅದನ್ನೂ ಬರೆದು ಹಿಡಿದರು: 'ಚುಕ್ಕೆ.'

"ನೀರು ಶುದ್ಧ ಮಾಡೋ ಡಬ್ಬಿಗೆ ಪೈಪ್ ಸಿಗಿಸಿದೀಯ ತಾನೆ?" ಎಂದು ಕೇಳಿದ ಮಾಮ, ಕಿವಿಯೊಳಗಿನ ನೀರು ಕೊಡವುತ್ತಾ.

"ಅಯ್ಯೋ, ಅದೂ ಬೇಕಾ? ನಾನು ಸೀದಾ ನಲ್ಲಿಗೆ ಸಿಗಿಸ್ಬಿಟ್ಟೆ."

ಡಬ್ಬಿ ಸಿಗಿಸಿ, ಎರಡನೆಯ ಕೋಲು ಎತ್ತಿದರು. ಫೈಬರ್ ಕೋಲು ಹಗುರವಾಗಿತ್ತು, ಮಾಮನ ಮುಖ ಅರಳಿತು. ಆದರೆ ಮೇಲೆ ಹೋದಂತೆಲ್ಲ ಅದಕ್ಕೆ ಬಳುಕು ಬಂತು. ಮಾಮ ಬಲಕ್ಕೆ ತಿರುಗಿಸಿದರೆ ತುದಿ ಯೋಚನೆ ಮಾಡಿ ಸ್ವಲ್ಪ ಹೊತ್ತಿನ ಮೇಲೆ ಬಲಕ್ಕೆ ಬರುತ್ತಿತ್ತು. ಬಂದ ಮೇಲೆ ನಿಲ್ಲುತ್ತಿರಲಿಲ್ಲ. ನಾಲ್ಕನೇ ಮಹಡಿಯ ಮೂಲೆಯ ಕಿಟಕಿಗೆ ಗುರಿಯಿಟ್ಟ ಬ್ರಷ್ಷು, ಗಾಳಿಯಲ್ಲಿ ದೊಡ್ಡದೊಂದು ಸುತ್ತು ಹೊಡೆದು ಪಕ್ಕದ ಕಟ್ಟಡಕ್ಕೆ ಹೋಗಿ, ಆಗಷ್ಟೇ ಬಳಿದಿದ್ದ ಹಸಿ ಬಣ್ಣವನ್ನು ಶ್ರದ್ಧೆಯಿಂದ ತೊಳೆಯಿತು. ಪೇಂಟರನ ಬೆನ್ನನ್ನೂ ಬಿಡಲಿಲ್ಲ.

"ಮಾಮಾ! ಏಣಿ ಕೊಟ್ಟಿದ್ದು ಇದಕ್ಕೇನಾ?" ಎಂದು ಅವನು ಮೇಲಿಂದ ಕೂಗಿದ.

ಗಾಬರಿಯಿಂದ ಎಳೆದುಕೊಂಡಾಗ ಬ್ರಷ್ಷು ಅದೇ ಬಣ್ಣವನ್ನು ತಂದು ಗ್ರಂಥಾಲಯದ ಮೂರು ಕಿಟಕಿಗಳಿಗೆ ಬಳಿಯಿತು. ಈ ಸಲದ ಚೀಟಿ ಸ್ವಲ್ಪ ಉದ್ದವಿತ್ತು: 'ಒಂದು ಗಂಟೆಯೊಳಗೆ ಸರಿಯಾಗದಿದ್ದರೆ ಹಗ್ಗದವರು.'

ಮಾಮ ಕುಸಿದು ಮೆಟ್ಟಿಲ ಮೇಲೆ ಕುಳಿತ. ಇಪ್ಪತ್ತು ವರ್ಷದ ಕೆಲಸ ಒಂದು ಗಂಟೆಗೆ ಬಂದು ನಿಂತಿತ್ತು. ಏಣಿ ಹತ್ತಿದರೆ ಹೆಂಡತಿ ಹೋಗುತ್ತಾಳೆ, ಹತ್ತದಿದ್ದರೆ ಕೆಲಸ ಹೋಗುತ್ತದೆ. ಊಟದ ಡಬ್ಬಿ ಹಿಡಿದು ಬಂದಿದ್ದ ಹೆಂಡತಿ ಅವನನ್ನೂ ಕಂದು ಕಿಟಕಿಗಳನ್ನೂ ನೋಡಿದಳು. ಬಾಮೈದನ ಕೈಯಿಂದ ಮೂರನೆಯ ಚೀಲ ಕಿತ್ತುಕೊಂಡಳು.

"ನೀನು ಏನೂ ಮುಟ್ಬೇಡ. ಆ ಮರದ ಕೆಳಗೆ ಕೂತ್ಕೋ," ಎಂದಳು ತಮ್ಮನಿಗೆ. ಆಮೇಲೆ ಗಂಡನಿಗೆ, "ಏಳಿ. ಪ್ರತಿ ಕ್ಲಾಂಪನ್ನೂ ನೀವೇ ಬಿಗೀರಿ. ಇಪ್ಪತ್ತು ವರ್ಷ ಗಾಜು ಒರೆಸಿರೋದು ನೀವಾ, ಅವನ ಫೋನಾ?"

ಕಾರ್ಬನ್ ಕೋಲು ಕಪ್ಪಗೆ, ತೆಳ್ಳಗೆ ಇತ್ತು. ಮಾಮ ಒಂದೊಂದೇ ತುಂಡು ಎಳೆದು, ಒಂದೊಂದೇ ಕ್ಲಾಂಪು ಬಿಗಿದು ನಾಲ್ಕನೇ ಮಹಡಿಗೆ ಎತ್ತಿದ. ತೂಕವೇ ಗೊತ್ತಾಗಲಿಲ್ಲ. ನಡುಗಲಿಲ್ಲ, ಬಳುಕಲಿಲ್ಲ, ಕೈ ಎಲ್ಲಿಗೆಂದರೆ ಬ್ರಷ್ಷು ಅಲ್ಲಿಗೆ. ಮೊದಲು ಚೌಕಟ್ಟು, ಆಮೇಲೆ ಗಾಜು, ಮೇಲಿಂದ ಕೆಳಗೆ, ಕೊನೆಗೆ ಬ್ರಷ್ಷನ್ನು ಸ್ವಲ್ಪ ಎತ್ತಿ ಹಿಡಿದು ಬರಿ ನೀರಿನ ಒಂದು ಸುತ್ತು. ಅವನ ಕೈಗೆ ಗೊತ್ತಿದ್ದ ಕೆಲಸವೇ ಅದು, ಕೈ ಮಾತ್ರ ನಲವತ್ತಡಿ ಉದ್ದವಾಗಿತ್ತು.

ಕಂದು ಬಣ್ಣ ಕರಗಿ ಇಳಿಯಿತು. ಬಿಳಿ ಚುಕ್ಕೆ ಮಾಯವಾಯಿತು. ಕಿಟಕಿಯಿಂದ ಕಿಟಕಿಗೆ ಹೋಗುತ್ತಾ ಮಾಮ ಗುನುಗತೊಡಗಿದ. ದಾರಿಹೋಕರು ನಿಂತರು. ಬೆನ್ನು ಒರೆಸಿಕೊಳ್ಳುತ್ತಿದ್ದ ಪೇಂಟರ್ ಕೂಡ, "ಇನ್ನು ನಿಮ್ಮನ್ನ ಏಣಿ ಮಾಮ ಅನ್ನೋ ಹಾಗಿಲ್ಲ, ಕೋಲು ಮಾಮ!" ಎಂದ. ಗಂಟೆ ಮುಗಿಯಲು ಇನ್ನೂ ಐದು ನಿಮಿಷ ಇರುವಾಗ ಅರವತ್ತನಾಲ್ಕನೆಯ ಕಿಟಕಿ ಮುಗಿಯಿತು. ಒಂದಾದ ಮೇಲೊಂದು ಗಾಜು ಒಣಗಿ ಸೂರ್ಯನನ್ನು ಹಿಡಿದುಕೊಂಡಿತು. ಒಂದೇ ಒಂದು ಚುಕ್ಕೆಯಿಲ್ಲ. ಮಾಮನ ಕಾಲು ಬೆಳಗಿನಿಂದ ಒಂದು ಅಂಗುಲವೂ ನೆಲ ಬಿಟ್ಟಿರಲಿಲ್ಲ.

ಗಾಜಿಗೆ ಚೀಟಿ ಬಂತು: 'ಬಹಳ ಚೆನ್ನಾಗಿದೆ.' ಹೆಂಡತಿ ಅದನ್ನು ಗಟ್ಟಿಯಾಗಿ ಓದಿ, ನಿಂತವರೆಲ್ಲರಿಗೂ ಕೇಳಿಸಲೆಂದು ಇನ್ನೊಂದು ಸಲ ಓದಿದಳು. ಮಾಮನ ಎದೆ ಉಬ್ಬಿತು. ಮದುವೆಯಾದ ಮೇಲೆ ಹೆಂಡತಿ ತನ್ನ ಕಡೆ ಹೀಗೆ ನೋಡಿದ್ದು ಇದೇ ಎರಡನೇ ಸಲ ಎಂದು ಅವನಿಗೆ ಅನ್ನಿಸಿತು.

ಮೇಡಂ ಗುತ್ತಿಗೆಯ ಕಾಗದ ಹಿಡಿದು ಹೊರಗೆ ಬಂದರು. ಆದರೆ ಬಾಗಿಲಲ್ಲೇ ನಿಂತು ಹಿಂತಿರುಗಿ ನೋಡಿದರು. ಹೊರಗಿನ ಕೊಳೆ ಹೋಗಿ ಬಿಸಿಲು ನೇರವಾಗಿ ಒಳಗೆ ಬಿದ್ದಿತ್ತು, ಒಳಗಿನ ಗಾಜು ಎಂಥದೆಂದು ಈಗ ಊರಿಗೆಲ್ಲ ಕಾಣುತ್ತಿತ್ತು. ತೂಕಡಿಸಿದ ಓದುಗರ ಹಣೆಯ ಗುರುತು, ಮೇಲಿಂದ ಇಳಿದ ಜೇಡರಬಲೆ, ಎಲ್ಲಕ್ಕಿಂತ ಹೆಚ್ಚಾಗಿ ಇಪ್ಪತ್ತು ವರ್ಷ ಚೀಟಿ ಒತ್ತಿ ಹಿಡಿದ ಮೇಡಂ ಅವರದೇ ಅಂಗೈಗಳು, ಸಾಲುಸಾಲಾಗಿ. ಅವರ ಮುಖ ಕೆಂಪಾಯಿತು. ಗಡಿಬಿಡಿಯಲ್ಲಿ ಚೀಟಿ ಬರೆದರು: 'ಒಳಗಡೆ?'

ಮಾಮ ಬಾಯಿ ತೆರೆಯುವ ಮೊದಲೇ ಹೆಂಡತಿ ಮುಂದೆ ಬಂದಳು. "ಅದೇನ್ ಮಹಾ ಮೇಡಂ! ಹೊರಗಡೆ ಮಾಡಿದವರಿಗೆ ಒಳಗಡೆ ಯಾವ ಲೆಕ್ಕ? ಇವತ್ತೇ ಮಾಡಿಕೊಡ್ತಾರೆ. ಇದು ನನ್ನ ಮಾತು!"

ಮೇಡಂ ಕೂಡಲೇ ಗುತ್ತಿಗೆಯಲ್ಲಿ 'ಒಳಗೂ ಹೊರಗೂ' ಎಂದು ಸೇರಿಸಿ, ಪುಸ್ತಕಗಳಿಗೆ ಒತ್ತುವ ತಾರೀಖಿನ ಮೊಹರನ್ನೇ ಅದಕ್ಕೂ ಒತ್ತಿದರು. ಇವತ್ತಿನ ತಾರೀಖು. ಮಾಮ ಖುಷಿಯಿಂದ ಕೋಲು ಮಡಚಿಕೊಂಡು ಒಳಗೆ ಹೊರಟಾಗ ಮೇಡಂ ಅಡ್ಡ ನಿಂತು ಇನ್ನೊಂದು ಚೀಟಿ ಕೊಟ್ಟರು: 'ಪುಸ್ತಕಗಳಿವೆ. ಒಳಗೆ ನೀರಿನ ಪೈಪು ಕೂಡದು. ಒಣಬಟ್ಟೆ, ಕೈಯಲ್ಲಿ.'

ಮಾಮ ತಲೆಯೆತ್ತಿ ನೋಡಿದ. ಓದುವ ಕೋಣೆಯ ಕಿಟಕಿಗಳು ಹದಿನೈದು ಅಡಿ ಎತ್ತರಕ್ಕೆ, ಹಳೇ ಪುಸ್ತಕಗಳ ಕಪಾಟುಗಳನ್ನೂ ದಾಟಿ ಹೋಗಿದ್ದವು. ಮೆಲ್ಲನೆ ಹೆಂಡತಿಯ ಕಡೆ ತಿರುಗಿದ. ಆಕೆಯ ಮುಖದಲ್ಲಿ ಎರಡು ಮಾತುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು.

"ಏನೇ ಮಾಡೋದು?"

"ಮಾತು ಕೊಟ್ಟಾಗಿದೆ, ಹತ್ತಿ," ಎಂದಳು ಆಕೆ ಕೊನೆಗೆ. "ಮೇಡಂಗೆ ಕೊಟ್ಟ ಮಾತು ಇವತ್ತಿಂದು. ಅಕ್ಕನ ಮನೆಗೆ ನಾಳೆ ಬೆಳಿಗ್ಗೆ ಹೋಗ್ತೀನಿ."

ಮಾಮ ಪಕ್ಕದ ಕಟ್ಟಡಕ್ಕೆ ಹೋಗಿ ತಲೆ ತಗ್ಗಿಸಿ ನಿಂತ. ಪೇಂಟರ್ ಮೇಲಿಂದ ಇಣುಕಿ, "ಯಾಕೆ ಏಣಿ ಮಾಮ? ಮೊಮ್ಮಕ್ಕಳು ಕೇಳಿದ್ರಾ?" ಎಂದ.

ಮೂರು ಗಂಟೆಗೆ ಮಾಮ ಕಿಟಕಿಯ ಹದಿನೈದನೆಯ ಅಡಿಯಲ್ಲಿ, ಏಣಿಯ ಕೊನೆಯ ಮೆಟ್ಟಿಲ ಮೇಲಿದ್ದ. ಕೆಳಗೆ ಹೆಂಡತಿ ಎರಡೂ ಕೈಯಲ್ಲಿ ಏಣಿ ಹಿಡಿದು, ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಮಾಮ ಕಿಟಕಿ ಚೌಕಟ್ಟಿನ ಮೇಲ್ಪಟ್ಟಿಯ ಮೇಲೆ ಬಟ್ಟೆ ಆಡಿಸಿದ. ಅಲ್ಲಿ ಇಪ್ಪತ್ತು ವರ್ಷದಿಂದ ಯಾರೂ ಎಬ್ಬಿಸದ ಧೂಳು ಮೆಲ್ಲನೆ ಎದ್ದು, ಬಿಸಿಲಲ್ಲಿ ಹೊಳೆಯುತ್ತಾ ಅವನ ಮೂಗಿನ ಕಡೆ ಬಂತು. ಮೂಗಿನೊಳಗೆ ಏನೋ ಹರಿದಾಡಿತು. ಕೆಳಗೆ ನೋಡಿದ. ಇಲ್ಲಿ ಪೊದೆ ಇರಲಿಲ್ಲ. ಮೇಡಂ ಮಾತ್ರ ಅವನನ್ನೇ ನೋಡುತ್ತಾ ಒಂದು ಚೀಟಿ ಎತ್ತಿ ಹಿಡಿದಿದ್ದರು: 'ಮೌನ.'

ಮಾಮ ವಿಧೇಯನಾಗಿ ಮೂಗು ಹಿಡಿದುಕೊಂಡ, ಏಣಿ ಹಿಡಿದುಕೊಂಡಿದ್ದ ಕೈಯಿಂದ.