ಮುಂದೆ ನಡಿಯವ್ವ

ಸೇತುವೆ ಮುಗಿದ ದಿನದ ಊಟಕ್ಕೆ ಅದನ್ನು ಕಟ್ಟಿದವರನ್ನು ಕರೆಯಲಿಲ್ಲ.

ಕರೆಯದಿದ್ದರೂ ಭಾಗಮ್ಮ ಬಂದಳು. ಎರಡು ವರ್ಷ ತಲೆಯ ಮೇಲೆ ಕಾಂಕ್ರೀಟು ಹೊತ್ತವಳ ಮೂಗಿಗೆ ಭದ್ರಾ ನದಿಯ ಆಚೆ ದಡದಿಂದ ಹೋಳಿಗೆಯ ವಾಸನೆ ಬಡಿದಿತ್ತು. ಬಿಸಿಯಾಗಿ ಒಂದು ತಿನ್ನಬೇಕು, ಅಷ್ಟೇ. ಅವಳ ಕೇರಿಗೆ ಹೋಳಿಗೆ ಬರುತ್ತಿದ್ದದ್ದು ಯಾವಾಗಲೂ ಮಾರನೆಯ ದಿನ.

ಈಚೆ, ತರೀಕೆರೆ ಕಡೆಯ ದಡದಲ್ಲಿ ಆ ಊಟಕ್ಕೆ ನೆಂಟರಾಗಿ ಹೊರಟ ಇನ್ನೂರು ಜನ ಹಸಿದು ನಿಂತಿದ್ದರು. ಮಂತ್ರಿಗಳು ಟೇಪು ಕತ್ತರಿಸಿ, ಫೋಟೋ ಹೊಡೆಸಿಕೊಂಡು, ಸೇತುವೆ ಹತ್ತದೆಯೇ ಜೀಪು ತಿರುಗಿಸಿದ್ದರು. ಅದನ್ನು ಕಂಡ ಮುದುಕ ಬೆನಕಪ್ಪ, ಹೊಸ ಸೇತುವೆ ಮೊದಲು ದಾಟಿದವರ ತಲೆ ಕೇಳುತ್ತದೆ ಎಂದುಬಿಟ್ಟ. ಆ ಗಳಿಗೆಯಿಂದ ಊರಿಗೆ ಎಂದೂ ಇಲ್ಲದ ಮರ್ಯಾದೆ ಬಂತು. ತಾವು ಹಿರಿಯರು, ತಾವು ಮುಂದಾಗಿ. ಛೇ, ಪಟೇಲರ ಮನೆಯವರಿರುವಾಗ ನಾವೇ? ತಟ್ಟೆಯಲ್ಲುಳಿದ ಕೊನೆಯ ಚಕ್ಕುಲಿಯ ಹಾಗೆ ಸೇತುವೆಯನ್ನು ಯಾರೂ ಮುಟ್ಟಲಿಲ್ಲ.

ಚೇರ್ಮನ್ ಬಸವರಾಜಪ್ಪನವರ ಕಣ್ಣು ಭಾಗಮ್ಮನ ಮೇಲೆ ಬಿತ್ತು.

"ನೀನು ಮುಂದೆ ನಡಿಯವ್ವ."

ಹುಟ್ಟಿದಾಗಿನಿಂದ 'ಪಕ್ಕಕ್ಕೆ ಸರಿ' ಎಂಬುದನ್ನೇ ಕೇಳಿದ್ದವಳು ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

"ನಾನು ಆಗ್ಲೇ ಸಾವಿರ ಸಲ ದಾಟೀನಿ ಬುದ್ಧಿ. ಬಾಂಡ್ಲಿ ಹೊತ್ಕಂಡು."

"ಕೂಲಿಯೋರು ದಾಟಿದ್ದು ದಾಟಿದಂಗಲ್ಲ ಕಣೇ."

ಮಂತ್ರಿಗಳು ಬಿಟ್ಟುಹೋದ ಹಾರವನ್ನು, ಹುಲ್ಲುಗಾವಲಿನ ಹೋರಿಗೆ ಹಗ್ಗ ಎಸೆದ ಹಾಗೆ, ದೂರದಿಂದಲೇ ಅವಳ ಕೊರಳಿಗೆ ಎಸೆದರು.

ಭಾಗಮ್ಮ ನಡೆದಳು. ಯಾವ ಕಂಬದಲ್ಲಿ ತನ್ನ ಬೆವರೆಷ್ಟು, ಸಿಮೆಂಟೆಷ್ಟು ಎಂದು ಬಲ್ಲವಳಿಗೆ ಹೆದರಿಕೆ ಇರಲಿಲ್ಲ. ಹೋಳಿಗೆ ಆರಿಹೋದೀತೆಂದು ಕೊನೆಯ ಅರ್ಧ ಓಡಿಯೇಬಿಟ್ಟಳು.

ಆಚೆ ದಡದಲ್ಲೂ ಇನ್ನೂರು ಜನ. ಸಾಲಾಗಿ ಎಲೆ, ಎಲೆಯ ಮೇಲೆ ಹಬೆಯಾಡುವ ಹೋಳಿಗೆ. ಭಾಗಮ್ಮ ಕೈ ತೊಳೆಯಲು ನೀರು ಹುಡುಕುತ್ತಿದ್ದಾಗ ಅಲ್ಲಿನ ಯಜಮಾನ ಸೋಮಶೇಖರಪ್ಪ ಅಡ್ಡ ಬಂದರು. ಎದುರುಗೊಂಡು ಕರೆಯದೆ ತರೀಕೆರೆ ಕಡೆಯ ನೆಂಟರು ಊಟಕ್ಕೆ ಬರುವುದಿಲ್ಲವಂತೆ. ಕರೆಯಲು ಹೋಗೋಣವೆಂದರೆ ಈ ದಡದವರೂ ತಲೆಯ ಮಾತಾಡುವ ಬೆನಕಪ್ಪನಂಥ ಒಬ್ಬನನ್ನು ಸಾಕಿಕೊಂಡಿದ್ದರು.

"ನೀನು ಬಂದು ಆ ಕಡೆಯೋರ ಗಂಡಾಂತರ ಕಳೀತು. ನಮ್ ಕಡೆಯಿಂದಾನೂ ನೀನೇ ಮೊದಲು ದಾಟಿಬಿಡವ್ವ. ಊಟ ಆಮೇಲೆ."

ಭಾಗಮ್ಮ ಸೇತುವೆಯ ಬಾಯಲ್ಲೇ, ರಸ್ತೆಯ ನಡುಮಧ್ಯೆ ಕುಕ್ಕರಿಸಿ ಕೂತಳು. ಹಿಡಿದೆಬ್ಬಿಸೋಣವೆಂದರೆ ಅವಳನ್ನು ಮುಟ್ಟುವಂತಿಲ್ಲ. ನಾನೂರು ಜನ ಎರಡೂ ದಡದಲ್ಲಿ ಎಂಜಲು ನುಂಗುತ್ತ ನೋಡಿದರು.

"ಏಳೇ, ಹೋಳಿಗೆ ಆರ್ತಾ ಐತೆ," ಎಂದರು ಸೋಮಶೇಖರಪ್ಪ.

"ಆರ್ಲಿ," ಎಂದಳು ಭಾಗಮ್ಮ. "ನಾನು ಏಳಾಕಿಲ್ಲ."